'ಎಂದು' ಮತ್ತು 'ವೆದರ್': ಬೀದರ್ ಸೀಮೆಯಲ್ಲಿ ಇಂಗ್ಲಿಷ್ ಪರೋಕ್ಷ ಪ್ರಶ್ನೆಯ ಪಾಠದ ಚರಿತ್ರೆ

ಸಾರಾಂಶ

ಇಂಗ್ಲಿಷಿನ ನೇರ ಪ್ರಶ್ನೆಗಳನ್ನು ಪರೋಕ್ಷ ಕಥನಕ್ಕೆ ಪರಿವರ್ತಿಸುವ ಪಾಠವು ಬೀದರ್, ಭಾಲ್ಕಿ ಮತ್ತು ಔರಾದ್ ಸೀಮೆಯ ತರಗತಿಗಳಿಗೆ ಯಾವ ದಾರಿಯಲ್ಲಿ ಬಂದಿತು, ಅಲ್ಲಿನ ಭಾಷೆಗಳೊಡನೆ ಅದು ಎಲ್ಲಿ ತಾಕಲಾಡಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಈ ಸೀಮೆಯ ಕನ್ನಡ, ಮರಾಠಿ, ದಖನಿ ಉರ್ದು ಮತ್ತು ತೆಲುಗುಗಳಲ್ಲಿ ಕೇಳಿದವನ ಪ್ರಶ್ನೆಯನ್ನು ಹಾಗೆಯೇ ಉಳಿಸಿ, ಅದರ ಹಿಂದೆ ಉದ್ಧರಣ ಸೂಚಕವನ್ನು ಇಡುವ ರೂಢಿಯಿದೆ. ಇಂಗ್ಲಿಷ್ ನಿಯಮವು ಇದಕ್ಕೆ ವಿರುದ್ಧವಾದದ್ದನ್ನು ಬೇಡುತ್ತದೆ. ಆದರೆ ಆ ನಿಯಮಕ್ಕೆ ಹತ್ತಿರವಾದ ರಚನೆಯೂ ಕನ್ನಡದಲ್ಲಿದೆ. ಅದು 'ಎಂದು' ಪ್ರಯೋಗದಲ್ಲಲ್ಲ, 'ಓ' ಪ್ರತ್ಯಯದಲ್ಲಿದೆ. ಪಾಠವನ್ನು 'ಮಾತಿನ ವರದಿ' ಎಂಬ ಶೀರ್ಷಿಕೆಯಡಿ ಇಟ್ಟ ಪಠ್ಯಪರಂಪರೆಯು ಈ ಸಾಮ್ಯವನ್ನು ಮರೆಮಾಡಿತು ಎಂಬುದು ನಮ್ಮ ವಾದ.

ಕೀಲಿಪದಗಳು: ಪರೋಕ್ಷ ಪ್ರಶ್ನೆ, ಉದ್ಧರಣ ಸೂಚಕ, ದಖನಿ ಉರ್ದು, ಬೀದರ್, ಭಾಷಾಸಂಪರ್ಕ, ಇಂಗ್ಲಿಷ್ ಬೋಧನೆಯ ಚರಿತ್ರೆ

1. ಪೀಠಿಕೆ

ನೇರ ಪ್ರಶ್ನೆಯನ್ನು ಪರೋಕ್ಷ ಕಥನಕ್ಕೆ ಪರಿವರ್ತಿಸುವುದು ಪ್ರೌಢಶಾಲೆಯ ಇಂಗ್ಲಿಷ್ ವ್ಯಾಕರಣದ ಸ್ಥಿರ ಅಭ್ಯಾಸಗಳಲ್ಲಿ ಒಂದು. 'ವೇರ್ ಆರ್ ಯೂ ಗೋಯಿಂಗ್?' ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಯು 'ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್' ಎಂದು ಬರೆಯಬೇಕು. ಇದಕ್ಕಾಗಿ ಪಠ್ಯಪುಸ್ತಕಗಳು ಕೊಡುವ ಸೂಚನೆಗಳು ಬಹುತೇಕ ಒಂದೇ ಬಗೆಯವು. ಉದ್ಧರಣ ಚಿಹ್ನೆ ಮತ್ತು ಪ್ರಶ್ನಾರ್ಥಕ ಚಿಹ್ನೆಗಳನ್ನು ತೆಗೆಯಬೇಕು. ಸಹಾಯಕ ಕ್ರಿಯಾಪದವನ್ನು ಕರ್ತೃವಿನ ಹಿಂದಕ್ಕೆ ಸರಿಸಿ ಪದಕ್ರಮವನ್ನು ನಿರೂಪಣಾ ವಾಕ್ಯದಂತೆ ಮಾಡಬೇಕು. ಪುರುಷವನ್ನು ವರದಿಗಾರನ ನೆಲೆಯಿಂದ ಬದಲಿಸಬೇಕು. ಕಾಲವನ್ನು ಒಂದು ಹೆಜ್ಜೆ ಹಿಂದಕ್ಕೆ ಒಯ್ಯಬೇಕು. ಪ್ರಶ್ನಾಪದವಿಲ್ಲದಿದ್ದರೆ 'ಇಫ್' ಅಥವಾ 'ವೆದರ್' ಸೇರಿಸಬೇಕು.

ಈ ಸೂಚನೆಗಳು ಯಾಂತ್ರಿಕವಾಗಿ ಕಾಣುತ್ತವೆ. ಆದರೆ ಇವೆಲ್ಲವೂ ಸೇರಿ ಮಾಡುವ ಕೆಲಸ ಒಂದೇ: ಪ್ರಶ್ನೆಯನ್ನು ಕೇಳಿದವನ ಬಾಯಿಯಿಂದ ಬಿಡಿಸಿ ಹೇಳುತ್ತಿರುವವನ ಬಾಯಿಗೆ ಕೊಡುವುದು. ಬೀದರ್ ಸೀಮೆಯ ಮಗು ಮನೆಯಲ್ಲಿ ಮತ್ತು ಸಂತೆಯಲ್ಲಿ ಕೇಳಿ ಬೆಳೆಯುವ ಭಾಷೆಗಳಲ್ಲಿ ಪ್ರಶ್ನೆಯನ್ನು ವರದಿ ಮಾಡುವ ರೂಢಿ ಇದಕ್ಕೆ ತದ್ವಿರುದ್ಧವಾದುದು. 'ಎಲ್ಲಿಗಿ ಹೊಂಟಿ ಅಂತ ಕೇಳ್ದ' ಎನ್ನುವಾಗ ಪ್ರಶ್ನೆ ಕೇಳಿದವನದ್ದಾಗಿಯೇ ಉಳಿಯುತ್ತದೆ. ಈ ಎರಡು ಕ್ರಮಗಳ ನಡುವಿನ ಅಂತರವನ್ನು ಪರೀಕ್ಷೆಯ ಉತ್ತರಪತ್ರಿಕೆಯು 'ತಪ್ಪು' ಎಂಬ ಒಂದೇ ಪದದಲ್ಲಿ ದಾಖಲಿಸುತ್ತದೆ. ಆ ತಪ್ಪಿಗೆ ಒಂದು ಚರಿತ್ರೆಯಿದೆ. ಅದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

2. ನಿಯಮದ ವಂಶಾವಳಿ

ಪರೋಕ್ಷ ಕಥನವನ್ನು ಪ್ರತ್ಯೇಕ ಅಧ್ಯಾಯವಾಗಿ ಬೋಧಿಸುವ ಪದ್ಧತಿಯು ಇಂಗ್ಲಿಷಿಗೆ ಲ್ಯಾಟಿನ್ ಶಾಲೆಗಳಿಂದ ಬಂದುದು. 'ಒರಾಶಿಯೋ ರೆಕ್ತಾ' ಮತ್ತು 'ಒರಾಶಿಯೋ ಒಬ್ಲಿಕ್ವಾ' ಎಂಬ ಲ್ಯಾಟಿನ್ ಜೋಡಿಪದಗಳೇ ನೇರ ಮತ್ತು ಪರೋಕ್ಷ ಕಥನ ಎಂಬ ಹೆಸರುಗಳ ಮೂಲ. ರೋಮನ್ ಇತಿಹಾಸಕಾರರು ಸೇನಾಪತಿಗಳ ಭಾಷಣಗಳನ್ನು ಪರೋಕ್ಷವಾಗಿ ನಿರೂಪಿಸಿದ ಪುಟಗಳನ್ನು ಓದಿಸುವಾಗ, ಅವುಗಳನ್ನು ನೇರ ಮಾತಿಗೂ ನೇರ ಮಾತನ್ನು ಪರೋಕ್ಷಕ್ಕೂ ತಿರುಗಿಸುವ ಅಭ್ಯಾಸ ಸಹಜವಾಗಿತ್ತು. ಲ್ಯಾಟಿನಿನಲ್ಲಿ ಪರೋಕ್ಷ ಪ್ರಶ್ನೆಯ ಕ್ರಿಯಾಪದವು ಬೇರೆಯೇ ರೂಪವನ್ನು ತಾಳುತ್ತದೆ. ಮುಖ್ಯ ಕ್ರಿಯಾಪದದ ಕಾಲಕ್ಕೆ ಅನುಗುಣವಾಗಿ ಅಧೀನ ವಾಕ್ಯದ ಕಾಲವನ್ನು ಹೊಂದಿಸುವ ನಿಯಮವೂ ಅಲ್ಲಿದೆ. ಇಂಗ್ಲಿಷ್ ಅಧೀನ ವಾಕ್ಯದಲ್ಲಿ ಕಾಲವು ಹಿಂದಕ್ಕೆ ಸರಿಯುವುದು ಇಂಗ್ಲಿಷಿನದೇ ಸ್ವಭಾವವಾದರೂ, ಅದನ್ನು ವಿವರಿಸಲು ವ್ಯಾಕರಣಕಾರರು ಬಳಸಿದ ಚೌಕಟ್ಟು ಲ್ಯಾಟಿನಿನದು.

ಇಲ್ಲಿ ಒಂದು ಅಂಶವನ್ನು ಗಮನದಲ್ಲಿಡಬೇಕು. ಲ್ಯಾಟಿನಿನಲ್ಲಿ 'ಕೇಳಿದನು' ಎಂಬ ಕ್ರಿಯಾಪದದ ಮುಂದೆ ಬರುವ ಪರೋಕ್ಷ ಪ್ರಶ್ನೆಗೂ 'ತಿಳಿಯದು' ಎಂಬ ಕ್ರಿಯಾಪದದ ಮುಂದೆ ಬರುವ ಪರೋಕ್ಷ ಪ್ರಶ್ನೆಗೂ ರೂಪದಲ್ಲಿ ಭೇದವಿಲ್ಲ. ಇಂಗ್ಲಿಷಿನಲ್ಲಿಯೂ ಹಾಗೆಯೇ. 'ಹಿ ಆಸ್ಕ್ಡ್ ವೇರ್ ಐ ವಾಸ್ ಗೋಯಿಂಗ್', 'ಹಿ ಡಿಡ್ ನಾಟ್ ನೋ ವೇರ್ ಐ ವಾಸ್ ಗೋಯಿಂಗ್' ಎಂಬ ಎರಡೂ ವಾಕ್ಯಗಳಲ್ಲಿ 'ವೇರ್'ನಿಂದ ಮುಂದಿನ ಭಾಗ ಒಂದೇ. ಮೊದಲನೆಯದರಲ್ಲಿ ಯಾರೋ ಆಡಿದ ಮಾತೊಂದಿದೆ. ಎರಡನೆಯದರಲ್ಲಿ ಯಾರೂ ಏನನ್ನೂ ಆಡಿಲ್ಲ. ಆದರೆ ಶಾಲಾ ವ್ಯಾಕರಣವು ಪರಿವರ್ತನೆಯ ಅಭ್ಯಾಸಕ್ಕೆ ಮೊದಲನೆಯದನ್ನು ಮಾತ್ರ ಆರಿಸಿಕೊಂಡಿತು. ಪರಿವರ್ತನೆಗೆ ಒಂದು ಮೂಲವಾಕ್ಯ ಬೇಕಷ್ಟೆ, ಎರಡನೆಯದಕ್ಕೆ ಅದಿಲ್ಲ.

ಭಾರತದ ಶಾಲೆಗಳಿಗೆ ಈ ಅಭ್ಯಾಸವನ್ನು ವ್ಯಾಪಕವಾಗಿ ಮುಟ್ಟಿಸಿದವರಲ್ಲಿ ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿದ್ದ ಜೆ. ಸಿ. ನೆಸ್‌ಫೀಲ್ಡ್ ಪ್ರಮುಖರು. 19ನೇ ಶತಮಾನದ ಕೊನೆಯಲ್ಲಿ ಪ್ರಕಟವಾದ ಅವರ ವ್ಯಾಕರಣ ಪುಸ್ತಕಗಳು ಹಲವು ಪೀಳಿಗೆಗಳ ಪಠ್ಯಗಳಾದವು. ಮುಂದೆ 1930ರ ದಶಕದಲ್ಲಿ ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ ವ್ಯಾಕರಣವು ಆ ಸ್ಥಾನವನ್ನು ಪಡೆಯಿತು. ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ ಈ ರೆನ್ ಅವರೇ 1924ರಲ್ಲಿ ಪ್ರಕಟವಾದ 'ಬೋ ಜೆಸ್ಟ್' ಎಂಬ ಜನಪ್ರಿಯ ಕಾದಂಬರಿಯ ಕರ್ತೃ. ಅದೇ 1924ರಲ್ಲಿ ಡೆನ್ಮಾರ್ಕಿನ ಭಾಷಾವಿಜ್ಞಾನಿ ಆಟೋ ಯೆಸ್ಪರ್ಸನ್ ತಮ್ಮ 'ದಿ ಫಿಲಾಸಫಿ ಆಫ್ ಗ್ರಾಮರ್' ಕೃತಿಯಲ್ಲಿ ಪರೋಕ್ಷ ಕಥನಕ್ಕೆ ಒಂದು ಇಡೀ ಅಧ್ಯಾಯವನ್ನು ಮೀಸಲಿಟ್ಟರು. ಪರೋಕ್ಷ ಕಥನವು ಯಾಂತ್ರಿಕ ಪರಿವರ್ತನೆಯಲ್ಲ, ಹೇಳುವವನ ನೆಲೆ ಬದಲಾದುದರ ಪರಿಣಾಮ ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ. ಭಾರತದ ಪ್ರಶ್ನೆಪತ್ರಿಕೆಗಳು ಮಾತ್ರ ನೆಸ್‌ಫೀಲ್ಡ್ ಮತ್ತು ರೆನ್ ಪರಂಪರೆಯನ್ನೇ ಹಿಡಿದವು.

3. ಬೀದರಿಗೆ ಪಾಠ ಬಂದ ದಾರಿ

ಬೀದರ್ 15ನೇ ಶತಮಾನದಲ್ಲಿ ಬಹಮನಿ ಅರಸರ ರಾಜಧಾನಿಯಾಯಿತು. 1472ರಲ್ಲಿ ಮಹಮೂದ್ ಗವಾನ್ ಇಲ್ಲಿ ಕಟ್ಟಿಸಿದ ಮದರಸಾ ಪಾರಸಿ ಮತ್ತು ಅರಬ್ಬಿ ವಿದ್ಯೆಯ ಕೇಂದ್ರವಾಗಿತ್ತು. ಗವಾನ್ ಸ್ವತಃ ಪಾರಸಿಯಲ್ಲಿ ಪತ್ರಲೇಖನ ಕಲೆಯನ್ನು ಕುರಿತು ಗ್ರಂಥ ರಚಿಸಿದವರು. ಈ ಆಡಳಿತ ಭಾಷೆಯ ಮೂಲಕ ದಖನಿನ ಮಾತುಗಳಿಗೆ ಬಂದ ಸಣ್ಣ ಪದಗಳಲ್ಲಿ 'ಕಿ' ಒಂದು. 'ಉಸ್ ನೇ ಪೂಛಾ ಕಿ ತುಮ್ ಕಹಾಂ ಜಾ ರಹೇ ಹೋ' ಎಂಬ ಉರ್ದು ವಾಕ್ಯದಲ್ಲಿ 'ಕಿ' ಪ್ರಶ್ನೆಯ ಮುಂದೆ ನಿಂತು ಅದನ್ನು ಮುಖ್ಯವಾಕ್ಯಕ್ಕೆ ಕಟ್ಟುತ್ತದೆ. ಮರಾಠಿಯ 'ಕೀ' ಮಾಡುವ ಕೆಲಸವೂ ಇದೇ.

ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂದಿತು. ಇಂಗ್ಲಿಷ್ ವಿದ್ಯೆಗೆ ಸಂಸ್ಥಾನದಲ್ಲಿ ಎರಡು ದಾರಿಗಳಿದ್ದವು. ಒಂದು, 1887ರಲ್ಲಿ ಆರಂಭವಾಗಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ್ದ ನಿಜಾಮ್ ಕಾಲೇಜಿನ ಇಂಗ್ಲಿಷ್ ಮಾಧ್ಯಮದ ದಾರಿ. ಇನ್ನೊಂದು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ದಾರಿ. ಇಲ್ಲಿ ಉರ್ದು ಬೋಧನ ಮಾಧ್ಯಮ. ಇಂಗ್ಲಿಷ್ ಕಡ್ಡಾಯ ವಿಷಯ. ವಿಶ್ವವಿದ್ಯಾಲಯಕ್ಕೆ ಬೇಕಾದ ಪಠ್ಯಗಳಿಗಾಗಿ ಒಂದು ಅನುವಾದ ಸಂಸ್ಥೆಯೇ ಕೆಲಸ ಮಾಡುತ್ತಿತ್ತು. ಔರಂಗಾಬಾದಿನಲ್ಲಿ ಶಿಕ್ಷಣ ಇಲಾಖೆಯಲ್ಲಿದ್ದ ಮೌಲ್ವಿ ಅಬ್ದುಲ್ ಹಕ್ 1914ರಲ್ಲಿ 'ಕವಾಯಿದ್-ಇ-ಉರ್ದು' ವ್ಯಾಕರಣವನ್ನೂ 1937ರಲ್ಲಿ ಇಂಗ್ಲಿಷ್–ಉರ್ದು ನಿಘಂಟನ್ನೂ ಹೊರತಂದರು. ಹೀಗೆ ಸಂಸ್ಥಾನದ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣವನ್ನು ವಿವರಿಸುವ ಭಾಷೆ ಉರ್ದುವಾಯಿತು. ಇಂಗ್ಲಿಷಿನ 'ದ್ಯಾಟ್' ಎಂದರೆ 'ಕಿ' ಎಂಬ ಸಮೀಕರಣವು ಈ ವಾತಾವರಣದಲ್ಲಿ ಸಹಜವೂ ಬಹುಮಟ್ಟಿಗೆ ಸರಿಯೂ ಆಗಿತ್ತು. ಎರಡೂ ಮುಖ್ಯವಾಕ್ಯದ ನಂತರ, ಅಧೀನ ವಾಕ್ಯದ ಮುಂದೆ ನಿಲ್ಲುತ್ತವೆ. ತೊಡಕು ಹುಟ್ಟುವುದು ಪ್ರಶ್ನೆ ಬಂದಾಗ. 'ಕಿ' ಪ್ರಶ್ನೆಯನ್ನೂ ನಿರೂಪಣೆಯನ್ನೂ ಸಮಾನವಾಗಿ ಕಟ್ಟುತ್ತದೆ. 'ದ್ಯಾಟ್' ನಿರೂಪಣೆಯನ್ನು ಮಾತ್ರ ಕಟ್ಟುತ್ತದೆ.

ಈ ಉರ್ದು ಶಾಲೆಗಳ ನಡುವೆ ಕನ್ನಡದ ಕಲಿಕೆ ಹೇಗೆ ಉಳಿಯಿತು ಎಂಬುದಕ್ಕೆ ಭಾಲ್ಕಿಯ ನಿದರ್ಶನ ಪ್ರಸಿದ್ಧವಾಗಿದೆ. ಭಾಲ್ಕಿ ಹಿರೇಮಠ ಸಂಸ್ಥಾನದ ಚನ್ನಬಸವ ಪಟ್ಟದ್ದೇವರು ನಿಜಾಮರ ಆಳ್ವಿಕೆಯ ಕೊನೆಯ ದಶಕಗಳಲ್ಲಿ ಭಾಲ್ಕಿ ಮತ್ತು ಕಮಲನಗರಗಳಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಸಂಗತಿಯನ್ನು ಸಾಮಾನ್ಯವಾಗಿ ಭಾಷಾಭಿಮಾನದ ಕಥೆಯಾಗಿ ಹೇಳುತ್ತಾರೆ. ನಮ್ಮ ವಿಷಯಕ್ಕೆ ಅದರ ಮಹತ್ವ ಬೇರೆ. ಒಂದೇ ಛಾವಣಿಯ ಕೆಳಗೆ ಫಲಕದ ಭಾಷೆಯೊಂದು, ಪಾಠದ ಭಾಷೆ ಇನ್ನೊಂದು ಆಗಿದ್ದ ಸೀಮೆಯಲ್ಲಿ, ಮೂರನೆಯದಾದ ಇಂಗ್ಲಿಷಿನ ನಿಯಮವನ್ನು ಕಲಿಯುವವನು ಅದನ್ನು ಏಕಕಾಲಕ್ಕೆ 'ಕಿ'ಯೊಡನೆಯೂ 'ಎಂದು'ವಿನೊಡನೆಯೂ ತೂಗಿ ನೋಡಬೇಕಾಗಿತ್ತು.

4. ನಾಲ್ಕು ಭಾಷೆಗಳು, ಒಂದು ಹೆಜ್ಜೆ

ಈ ಸೀಮೆಯ ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಉದ್ಧರಣದ ಕ್ರಮದಲ್ಲಿ ಗಾಢ ಸಾಮ್ಯ ಕಾಣುತ್ತದೆ. ಕನ್ನಡದಲ್ಲಿ 'ಎಲ್ಲಿಗಿ ಹೊಂಟಿ ಅಂತ ಕೇಳ್ದ'. ತೆಲುಗಿನಲ್ಲಿ 'ಎಕ್ಕಡಿಕಿ ವೆಳ್ತುನ್ನಾವು ಅನಿ ಅಡಿಗಾಡು'. ಮರಾಠಿಯಲ್ಲಿ 'ತೂ ಕುಠೇ ಜಾತೋಸ್ ಅಸಂ ತ್ಯಾನೇ ವಿಚಾರಲಂ'. ದಖನಿ ಉರ್ದುವಿನಲ್ಲಿ 'ಕಾಂ ಜಾರಾ ಬೋಲ್‌ಕೆ ಪೂಛಾ'. ನಾಲ್ಕರಲ್ಲಿಯೂ ಪ್ರಶ್ನೆ ಮೊದಲು, ಅದು ಮುಗಿಯಿತೆಂದು ಸಾರುವ ಪದ ನಂತರ, 'ಕೇಳಿದ' ಎಂಬ ಕ್ರಿಯೆ ಕೊನೆಗೆ. ಪ್ರಶ್ನೆಯ ಒಳಗೆ ಪುರುಷವಾಗಲಿ ಕಾಲವಾಗಲಿ ಬದಲಾಗಬೇಕಿಲ್ಲ.

ಕನ್ನಡದ 'ಎಂದು', ತೆಲುಗಿನ 'ಅನಿ', ಮರಾಠಿಯ 'ಮ್ಹಣೂನ್', ದಖನಿಯ 'ಬೋಲ್‌ಕೆ' ಎಲ್ಲವೂ 'ಹೇಳು' ಎಂಬರ್ಥದ ಕ್ರಿಯಾಪದದಿಂದ ಬಂದ ಭೂತಕೃದಂತಗಳು. ಉತ್ತರದ ಉರ್ದುವಿನಲ್ಲಿ ಈ ಸ್ಥಾನದಲ್ಲಿ 'ಬೋಲ್‌ಕೆ' ಬರುವುದಿಲ್ಲ. ಅಲ್ಲಿ ರೂಢಿಯಲ್ಲಿರುವುದು 'ಕಿ'. ದಖನಿನಲ್ಲಿ ದ್ರಾವಿಡ ಭಾಷೆಗಳೊಡನೆ ಶತಮಾನಗಳ ಕಾಲ ಬಾಳಿದ ಫಲವಾಗಿ 'ಬೋಲ್‌ಕೆ' ಉದ್ಧರಣ ಸೂಚಕವಾಯಿತೆಂದು ಭಾಷಾವಿಜ್ಞಾನಿಗಳು ವಿವರಿಸುತ್ತಾರೆ. ಅದರ ಬಳಕೆ ಉದ್ಧರಣಕ್ಕಷ್ಟೇ ಸೀಮಿತವಲ್ಲ. 'ರಾಮ ಎಂಬ ಹುಡುಗ' ಎನ್ನುವಲ್ಲಿ 'ಎಂಬ' ಮಾಡುವ ಕೆಲಸವನ್ನು ಕೂಡ ದಖನಿಯಲ್ಲಿ 'ಬೋಲ್‌ಕೆ' ಮಾಡುತ್ತದೆ. ಪದ ಹಿಂದುಸ್ತಾನಿಯದು, ನಡಿಗೆ ದ್ರಾವಿಡದ್ದು.

ಈ ಬಗೆಯ ಸಾಮ್ಯಗಳನ್ನು ಕುರಿತ ಚರ್ಚೆ ಹೊಸತಲ್ಲ. 1956ರಲ್ಲಿ ಎಂ. ಬಿ. ಎಮಿನೊ ಭಾರತವನ್ನು ಒಂದು 'ಭಾಷಿಕ ವಲಯ' ಎಂದು ಪ್ರತಿಪಾದಿಸಿದರು. 1967ರಲ್ಲಿ ಎಫ್. ಬಿ. ಜೆ. ಕೈಪರ್ ಸಂಸ್ಕೃತದ 'ಇತಿ' ಪ್ರಯೋಗದ ಹಿಂದೆಯೂ ದ್ರಾವಿಡ ಪ್ರಭಾವವನ್ನು ಗುರುತಿಸಿದರು. 1982ರಲ್ಲಿ ಹಾನ್ಸ್ ಹೆನ್ರಿಕ್ ಹಾಕ್ ಆ ವಾದವನ್ನು ಪ್ರಶ್ನಿಸಿ, 'ಇತಿ'ಯ ಬೆಳವಣಿಗೆಯನ್ನು ಸಂಸ್ಕೃತದ ಒಳಗಿನಿಂದಲೇ ವಿವರಿಸಬಹುದೆಂದರು. ಪ್ರಾಚೀನ ಕಾಲದ ಈ ವಿವಾದ ಏನೇ ಇರಲಿ, ದಖನಿಯ 'ಬೋಲ್‌ಕೆ' ವಿಷಯದಲ್ಲಿ ಸಂಪರ್ಕದ ಪಾತ್ರ ಸ್ಪಷ್ಟವಾಗಿದೆ. ಸಾಂಗ್ಲಿ ಜಿಲ್ಲೆಯ ಕುಪವಾಡ ಗ್ರಾಮದ ಕನ್ನಡ, ಮರಾಠಿ ಮತ್ತು ಉರ್ದುಗಳನ್ನು ಅಧ್ಯಯನ ಮಾಡಿದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ತೋರಿಸಿದ್ದೂ ಇದನ್ನೇ: ಶಬ್ದಕೋಶಗಳು ಬೇರೆಬೇರೆಯಾಗಿ ಉಳಿದಿರುವಾಗಲೂ ವಾಕ್ಯರಚನೆಗಳು ಪದಕ್ಕೆ ಪದವಿಟ್ಟು ಅನುವಾದಿಸಬಹುದಾದಷ್ಟು ಹತ್ತಿರ ಬರಬಲ್ಲವು.

ಬರವಣಿಗೆಯ ಚರಿತ್ರೆಯೂ ಇಲ್ಲಿ ಪ್ರಸ್ತುತವಾಗುತ್ತದೆ. ತಾಳೆಗರಿಯ ಕನ್ನಡದಲ್ಲಿ ಉದ್ಧರಣ ಚಿಹ್ನೆಗಳಿರಲಿಲ್ಲ. ಮಾತು ಎಲ್ಲಿ ಮುಗಿಯಿತೆಂದು ಓದುಗನಿಗೆ ತಿಳಿಸುತ್ತಿದ್ದುದು 'ಎಂದು', 'ಎನುತ', 'ಎಂಬ' ಮುಂತಾದ ರೂಪಗಳು. ಚಿಹ್ನೆಗಳು ಬಂದುದು 19ನೇ ಶತಮಾನದ ಮುದ್ರಣದೊಡನೆ. ಆದ್ದರಿಂದ 'ಉದ್ಧರಣ ಚಿಹ್ನೆಯನ್ನು ತೆಗೆದರೆ ಮಾತು ಪರೋಕ್ಷವಾಗುತ್ತದೆ' ಎಂಬ ಸೂಚನೆ ಕನ್ನಡದ ಕಿವಿಗೆ ಅರ್ಥವಾಗುವುದೇ ಕಷ್ಟ. ಚಿಹ್ನೆ ಹೋದರೂ 'ಎಂದು' ಉಳಿದಿರುವವರೆಗೆ ಮಾತು ಕೇಳಿದವನದೇ.

5. 1956: ಒಂದು ಜಿಲ್ಲೆ, ಮೂರು ರಾಜ್ಯಗಳು

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆ ಮೂರು ಪಾಲಾಯಿತು. ಅಹಮದಪುರ, ನಿಲಂಗಾ ಮತ್ತು ಉದಗೀರ್ ತಾಲ್ಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರ ಪ್ರದೇಶಕ್ಕೆ ಸೇರಿದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು.

ಇಂಗ್ಲಿಷ್ ಪಾಠದ ದೃಷ್ಟಿಯಿಂದ ಇದರ ಪರಿಣಾಮ ವಿಲಕ್ಷಣವಾದುದು. ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಒಂದೇ ಇಂಗ್ಲಿಷ್ ನಿಯಮವು ಉದಗೀರಿನಲ್ಲಿ ಮರಾಠಿಯ ಮೂಲಕ, ನಾರಾಯಣಖೇಡದಲ್ಲಿ ತೆಲುಗಿನ ಮೂಲಕ, ಭಾಲ್ಕಿಯಲ್ಲಿ ಕನ್ನಡದ ಮೂಲಕ ವಿವರಣೆ ಪಡೆಯತೊಡಗಿತು. 'ದ್ಯಾಟ್ ಎಂದರೆ ಕಿ' ಎಂಬ ಹಳೆಯ ಸಮೀಕರಣವು ಭಾಲ್ಕಿಯಲ್ಲಿ 'ದ್ಯಾಟ್ ಎಂದರೆ ಎಂದು' ಎಂದಾಯಿತು. ಉರ್ದು ಮಾಧ್ಯಮದಲ್ಲಿ ಓದಿ ಬಂದ ಪೀಳಿಗೆಯೂ ಕನ್ನಡ ಮಾಧ್ಯಮದಲ್ಲಿ ಓದುವ ಪೀಳಿಗೆಯೂ ಒಂದೇ ತರಗತಿಯಲ್ಲಿ ಗುರುಶಿಷ್ಯರಾಗಿ ಕೂಡಿದ ಕಾಲವದು. ಔರಾದ್ ತಾಲ್ಲೂಕಿನ ಅನೇಕ ಹಳ್ಳಿಗಳಲ್ಲಿ ಮರಾಠಿ ಮನೆಮಾತು. ಬೀದರ್ ನಗರದ ಪೇಟೆಯಲ್ಲಿ ದಖನಿ ಎಲ್ಲರ ಮಾತು. ಹೀಗಾಗಿ ವಿದ್ಯಾರ್ಥಿಯ ಬಳಿ ಪ್ರಶ್ನೆಯ ಮುಂದೆ ನಿಲ್ಲುವ ಸೂಚಕವೂ ಇತ್ತು, ಹಿಂದೆ ನಿಲ್ಲುವ ಸೂಚಕವೂ ಇತ್ತು. 'ಎಂದು'ವಿನ ಅರ್ಥವನ್ನು 'ಕಿ'ಯ ಸ್ಥಾನದಲ್ಲಿಟ್ಟರೆ ಸಿಗುವ ಇಂಗ್ಲಿಷ್ ವಾಕ್ಯವೇ 'ಹಿ ಆಸ್ಕ್ಡ್ ದ್ಯಾಟ್ ವೇರ್ ಆರ್ ಯೂ ಗೋಯಿಂಗ್'. ಈ ಸೀಮೆಯ ಶಿಕ್ಷಕರಿಗೆ ಚಿರಪರಿಚಿತವಾದ ಈ 'ತಪ್ಪು' ಅಡ್ಡಾದಿಡ್ಡಿಯಾದುದಲ್ಲ. ಅದರ ಪ್ರತಿಯೊಂದು ಪದಕ್ಕೂ ಇಲ್ಲಿನ ಚರಿತ್ರೆಯಲ್ಲಿ ನೆಲೆಯಿದೆ.

ಬೋಧನಾ ವಿಧಾನಗಳು ಈ ಅವಧಿಯಲ್ಲಿ ಬದಲಾದವು. ಹೈದರಾಬಾದಿನಲ್ಲಿ 1958ರಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯೂ ಬೆಂಗಳೂರಿನಲ್ಲಿ 1963ರಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಆರಂಭವಾದವು. ವಾಕ್ಯಮಾದರಿಗಳನ್ನು ಅಭ್ಯಾಸದಿಂದ ರೂಢಿಸುವ ಪದ್ಧತಿ ಪ್ರಬಲವಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ನಡೆದ ಬೆಂಗಳೂರು ಯೋಜನೆಯು, ಅರ್ಥದ ಕಡೆಗೆ ಗಮನವಿಟ್ಟು ಕೆಲಸ ಮಾಡುವಾಗ ವ್ಯಾಕರಣ ತಾನಾಗಿ ರೂಪುಗೊಳ್ಳುತ್ತದೆ ಎಂಬ ತತ್ತ್ವವನ್ನು ತರಗತಿಯಲ್ಲಿ ಪರೀಕ್ಷಿಸಿತು. 2007ರಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಯಿತು. ಇಷ್ಟಾದರೂ ನೇರ ಪ್ರಶ್ನೆಯನ್ನು ಪರೋಕ್ಷಕ್ಕೆ ತಿರುಗಿಸುವ ಅಭ್ಯಾಸ ತನ್ನ ಹಳೆಯ ರೂಪದಲ್ಲಿಯೇ ಉಳಿದುಬಂದಿದೆ.

6. ಕನ್ನಡದ ಎರಡು ದಾರಿಗಳು

ಇದುವರೆಗಿನ ವಿವರಣೆಯಿಂದ ಕನ್ನಡದಲ್ಲಿ ಪರೋಕ್ಷ ಪ್ರಶ್ನೆಯೇ ಇಲ್ಲವೆಂಬ ಭಾವನೆ ಬರಬಹುದು. ವಾಸ್ತವ ಹಾಗಿಲ್ಲ. ಭಾಲ್ಕಿಯ ಯಾವುದೇ ಮನೆಯಲ್ಲಿ ದಿನವೂ ಕೇಳಿಬರಬಹುದಾದ ಮಾತೊಂದನ್ನು ನೋಡೋಣ: 'ಅಣ್ಣ ಊಟಕ್ಕ ಬರ್ತಾನೋ ಇಲ್ಲೋ ಕೇಳ್ಕೊಂಡು ಬಾ.' ಇಲ್ಲಿ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿಲ್ಲ. ಆಡದ ಮಾತನ್ನು ಉದ್ಧರಿಸುವಂತಿಲ್ಲ. ಆದ್ದರಿಂದ 'ಎಂದು' ಬಾರದೆ 'ಓ' ಬಂದಿದೆ. 'ಯಾರು ಬಂದರೋ ತಿಳಿಯದು', 'ಅದು ಎಷ್ಟು ಹಳೆಯದೋ ಹೇಳಲಾಗದು' ಮುಂತಾದ ವಾಕ್ಯಗಳಲ್ಲಿಯೂ ಇದೇ ರಚನೆಯಿದೆ. ಹೀಗೆ ಕನ್ನಡದಲ್ಲಿ ಕೇಳಿಯಾದ ಪ್ರಶ್ನೆಗೆ 'ಎಂದು' ಒಂದು ದಾರಿ. ತಿಳಿಯದ ಅಥವಾ ಕೇಳಬೇಕಾದ ವಿಷಯಕ್ಕೆ 'ಓ' ಇನ್ನೊಂದು ದಾರಿ. ಲ್ಯಾಟಿನ್ ಮತ್ತು ಇಂಗ್ಲಿಷುಗಳಲ್ಲಿ ಒಂದೇ ರೂಪವಾಗಿರುವುದನ್ನು ಕನ್ನಡ ಎರಡಾಗಿ ವಿಂಗಡಿಸಿದೆ.

ಈಗ 'ಓ' ವಾಕ್ಯದ ಒಳರಚನೆಯನ್ನು ಗಮನಿಸಬೇಕು. 'ನಾನು ಎಲ್ಲಿಗೆ ಹೋಗುತ್ತಿದ್ದೆನೋ ಅವನಿಗೆ ಗೊತ್ತಿರಲಿಲ್ಲ.' ಇಲ್ಲಿಯ 'ನಾನು' ಹೇಳುತ್ತಿರುವವನು, 'ಅವನು' ಅಲ್ಲ. ಪುರುಷವನ್ನು ವರದಿಗಾರನ ನೆಲೆಯಿಂದಲೇ ನಿರ್ಣಯಿಸಲಾಗಿದೆ. ಕಾಲವೂ ಬಹುಮಟ್ಟಿಗೆ ಅವನ ನೆಲೆಯಿಂದಲೇ: 'ಹೋಗುತ್ತಿದ್ದೆನೋ' ಎಂಬ ಭೂತರೂಪ ಇಲ್ಲಿ ಸಹಜವಾಗಿದೆ. 'ನೀನು ಎಲ್ಲಿಗೆ ಹೋಗುತ್ತಿದ್ದೀ ಎಂದು ಕೇಳಿದನು' ಎಂಬ ವಾಕ್ಯದಲ್ಲಿ ಇವೆರಡೂ ಕೇಳಿದವನ ನೆಲೆಯಲ್ಲಿ ಉಳಿದಿದ್ದವು. ಇಂಗ್ಲಿಷ್ ಪಠ್ಯಪುಸ್ತಕವು ಪುರುಷ ಮತ್ತು ಕಾಲಗಳ ಬಗ್ಗೆ ಯಾವ ನಿಯಮಗಳನ್ನು ಕಂಠಪಾಠ ಮಾಡಿಸುತ್ತದೆಯೋ ಅವನ್ನು ಕನ್ನಡದ ಮಗು 'ಓ' ವಾಕ್ಯಗಳಲ್ಲಿ ಆಗಲೇ ಪಾಲಿಸುತ್ತಿರುತ್ತದೆ.

ಹೌದು-ಅಲ್ಲ ಪ್ರಶ್ನೆಗಳಲ್ಲಿ ಸಾಮ್ಯ ಇನ್ನೂ ಆಳವಾದುದು. 'ವೆದರ್' ಪದದ ಹಳೆಯ ಇಂಗ್ಲಿಷ್ ಅರ್ಥ 'ಎರಡರಲ್ಲಿ ಯಾವುದು' ಎಂಬುದು. ಲ್ಯಾಟಿನಿನ 'ಉತ್ರುಮ್' ಕೂಡ 'ಎರಡರಲ್ಲಿ ಯಾವುದು' ಎಂಬ ಪದದಿಂದಲೇ ಬಂದುದು. ಕನ್ನಡದ 'ಬರುತ್ತಾನೋ ಇಲ್ಲವೋ' ಎಂಬಲ್ಲಿ ಎರಡು ಪರ್ಯಾಯಗಳೂ ಕಣ್ಣಿಗೆ ಕಾಣುವಂತೆ ಇವೆ. ತೆಲುಗಿನ 'ವಸ್ತಾಡೋ ಲೇದೋ', ಮರಾಠಿಯ 'ಯೇತೋ ಕೀ ನಾಹೀ', ಉರ್ದುವಿನ 'ಆತಾ ಹೈ ಕಿ ನಹೀಂ' ಎಲ್ಲವೂ ಇದೇ ಬಗೆಯವು. ಅಂದರೆ 'ವೆದರ್'ನ ಅರ್ಥವು ಬೀದರ್ ಸೀಮೆಯ ನಾಲ್ಕೂ ಭಾಷೆಗಳಲ್ಲಿ ಸಿದ್ಧವಾಗಿಯೇ ಇದೆ. ಆದರೆ 'ಬರ್ತೀಯಾ ಅಂತ ಕೇಳ್ದ' ಎಂಬ ವಾಕ್ಯದಿಂದ ಹೊರಟ ವಿದ್ಯಾರ್ಥಿಗೆ 'ವೆದರ್' ಎಲ್ಲಿಂದಲೋ ತಂದು ಸೇರಿಸಬೇಕಾದ ಪದವಾಗಿ ಕಾಣುತ್ತದೆ. 'ಇಫ್'ನದು ಇನ್ನೊಂದು ತೊಡಕು. ಅದನ್ನು 'ಬಂದರೆ', 'ಹೋದರೆ' ಎಂಬ ಷರತ್ತಿನ ಅರ್ಥದಲ್ಲಿ ಮೊದಲು ಕಲಿತವನು ಇಲ್ಲಿ ಷರತ್ತೇನೆಂದು ಹುಡುಕುತ್ತಾನೆ.

ಈ ಎರಡು ದಾರಿಗಳ ಜೊತೆಗೆ ಕನ್ನಡದಲ್ಲಿ ನಡುವಿನ ದಾರಿಯೊಂದೂ ಇದೆ. 'ತಾನು ಯಾವಾಗ ಬರಬೇಕೆಂದು ಕೇಳಿದನು' ಎಂಬಲ್ಲಿ 'ತಾನು' ಕೇಳಿದವನನ್ನೇ ಸೂಚಿಸುತ್ತದೆ. ಬೇರೆ ಯಾರನ್ನೋ ಅಲ್ಲ. ಇಂಗ್ಲಿಷಿನ 'ಹಿ' ಈ ಭೇದವನ್ನು ತೋರಿಸಲಾರದು. ಅದು ಕೇಳಿದವನೂ ಆಗಬಹುದು, ಮೂರನೆಯವನೂ ಆಗಬಹುದು. ಪರೋಕ್ಷ ಕಥನದ ವಿಷಯದಲ್ಲಿ ಕನ್ನಡವು ಇಂಗ್ಲಿಷಿಗಿಂತ ಬಡವಾದುದು ಎಂಬ ಅನಿಸಿಕೆಗೆ ಆಧಾರವಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಒತ್ತಿ ಹೇಳಿದ ಮಾತು ಇಂಗ್ಲಿಷ್ ಬೋಧನೆಗೂ ಅನ್ವಯಿಸುತ್ತದೆ. ಕನ್ನಡವನ್ನು ಅದರದೇ ಕ್ರಮದಲ್ಲಿ ವಿವರಿಸದಿದ್ದರೆ, ಇಂಗ್ಲಿಷಿನ ಯಾವ ನಿಯಮ ಕನ್ನಡದ ಯಾವ ನಿಯಮಕ್ಕೆ ಹತ್ತಿರ ಎಂಬುದೇ ತಿಳಿಯದು.

7. 'ತಪ್ಪು' ಎಂಬುದರ ಮರುಪರಿಶೀಲನೆ

ಪರೋಕ್ಷ ಪ್ರಶ್ನೆಯಲ್ಲಿ ನೇರ ಪ್ರಶ್ನೆಯ ಪದಕ್ರಮವನ್ನೇ ಉಳಿಸಿಕೊಳ್ಳುವುದು, ಅಂದರೆ 'ಹಿ ಆಸ್ಕ್ಡ್ ಮಿ ವೇರ್ ವಾಸ್ ಐ ಗೋಯಿಂಗ್' ಎನ್ನುವುದು, ಬೀದರಿನ ತಪ್ಪಷ್ಟೇ ಅಲ್ಲ. 1982ರಲ್ಲಿ ಪೀಟರ್ ಟ್ರಡ್‌ಗಿಲ್ ಮತ್ತು ಜೀನ್ ಹ್ಯಾನಾ ಲೋಕದ ಇಂಗ್ಲಿಷುಗಳನ್ನು ವಿವರಿಸುವಾಗ ಇದನ್ನು ಭಾರತೀಯ ಇಂಗ್ಲಿಷಿನ ಲಕ್ಷಣವಾಗಿ ಗುರುತಿಸಿದರು. ಐರ್ಲೆಂಡಿನಲ್ಲಿ ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಆಡುಮಾತಿನಲ್ಲಿ ಈ ಕ್ರಮವನ್ನು ಬಳಸುತ್ತಾರೆ. ಅಲ್ಲಿ 'ವೆದರ್' ಇಲ್ಲದೆ 'ಹಿ ಆಸ್ಕ್ಡ್ ವಾಸ್ ಐ ಗೋಯಿಂಗ್' ಎನ್ನುವುದು ರೂಢಿ. 'ಆಸ್ಕ್ಡ್ ದ್ಯಾಟ್ ವೇರ್' ಎಂಬ ಜೋಡಣೆ ಕೂಡ ಭಾಷೆಗಳ ಲೋಕದಲ್ಲಿ ಅಸಹಜವಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ 'ಕೇಳಿದನು' ಎಂಬ ಕ್ರಿಯಾಪದದ ನಂತರ 'ಕೆ' ಎಂಬ ಸಂಯೋಜಕ, ಅದರ ನಂತರ ಪ್ರಶ್ನಾಪದ ಬರುವ ವಾಕ್ಯಗಳು ಸಾಮಾನ್ಯವಾಗಿವೆ.

ಇದರಿಂದ ಪ್ರಮಾಣ ಇಂಗ್ಲಿಷಿನ ನಿಯಮವನ್ನು ಕಲಿಸಬೇಕಾಗಿಲ್ಲ ಎಂದು ನಾವು ಹೇಳುತ್ತಿಲ್ಲ. ಗಡಿಸೀಮೆಯ ವಿದ್ಯಾರ್ಥಿಗೆ ಪರೀಕ್ಷೆ ಮತ್ತು ಉದ್ಯೋಗ ಎರಡರ ಬಾಗಿಲಲ್ಲಿಯೂ ಆ ಇಂಗ್ಲಿಷ್ ಎದುರಾಗುತ್ತದೆ; ಅದನ್ನು ತಿಳಿಯದಿರುವ ಬೆಲೆಯನ್ನು ತೆರುವವನು ಅವನೇ. ನಮ್ಮ ಆಕ್ಷೇಪ ವಿವರಣೆಯ ಕ್ರಮದ ಬಗ್ಗೆ. ತಪ್ಪನ್ನು ಅಜ್ಞಾನದ ಗುರುತೆಂದು ಭಾವಿಸುವ ಶಿಕ್ಷಕರು ಅದೇ ನಿಯಮವನ್ನು ಮತ್ತೊಮ್ಮೆ ಹೇಳುತ್ತಾರೆ. ಅದು ಮತ್ತೊಂದು ನಿಯಮದ ಫಲವೆಂದು ತಿಳಿದವರು ಆ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆಯಬಲ್ಲರು.

ಪಾಠದ ಅನುಕ್ರಮವನ್ನು ತಿರುಗಿಸುವುದು ಇದರ ನೇರ ಪರಿಣಾಮ. 'ಕೇಳಿದನು' ವಾಕ್ಯಗಳಿಗೆ ಮೊದಲು 'ಗೊತ್ತಿಲ್ಲ', 'ನೆನಪಿಲ್ಲ', 'ಕೇಳಿಕೊಂಡು ಬಾ' ವಾಕ್ಯಗಳು ಬರಬೇಕು. 'ಅವನು ಎಲ್ಲಿದ್ದಾನೋ ಗೊತ್ತಿಲ್ಲ' ಎಂಬುದರಿಂದ 'ಐ ಡೋಂಟ್ ನೋ ವೇರ್ ಹಿ ಈಸ್' ಎಂಬಲ್ಲಿಗೆ ಹೋಗುವಾಗ ಉದ್ಧರಣ ಚಿಹ್ನೆಗಳಿಲ್ಲ, ತೆಗೆಯಬೇಕಾದ ಪ್ರಶ್ನಾರ್ಥಕ ಚಿಹ್ನೆಯಿಲ್ಲ, ಬದಲಿಸಬೇಕಾದ ಪುರುಷವಿಲ್ಲ. 'ಬರುತ್ತಾನೋ ಇಲ್ಲವೋ' ಎಂಬುದಕ್ಕೆ 'ವೆದರ್' ನೇರವಾಗಿ ಹೊಂದುತ್ತದೆ. ಈ ರಚನೆ ಕೈವಶವಾದ ಮೇಲೆ 'ಗೊತ್ತಿಲ್ಲ'ದ ಜಾಗದಲ್ಲಿ 'ಕೇಳಿದನು' ಎಂದು ಇಟ್ಟು, ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಬಾಲವೆಂದೂ ಕನ್ನಡದಲ್ಲಿ ಮಾತ್ರ ಎರಡು ದಾರಿಗಳೆಂದೂ ತೋರಿಸಬಹುದು. ಆಗ ಪದಕ್ರಮದ ನಿಯಮವೊಂದೇ ಹೊಸದಾಗಿ ಕಲಿಯಬೇಕಾದುದಾಗಿ ಉಳಿಯುತ್ತದೆ. ಕನ್ನಡದಲ್ಲಿ ಪ್ರಶ್ನೆಗೂ ನಿರೂಪಣೆಗೂ ಪದಕ್ರಮದ ಭೇದವಿಲ್ಲವಾದ್ದರಿಂದ, ಇಂಗ್ಲಿಷಿನ ನೇರ ಪ್ರಶ್ನೆಯ ಪಲ್ಲಟವೇ ಮಗುವಿಗೆ ವಿಶೇಷ. ಪರೋಕ್ಷ ಪ್ರಶ್ನೆಯ ಸರಳ ಕ್ರಮವಲ್ಲ.

8. ಉಪಸಂಹಾರ

ಇಂಗ್ಲಿಷಿನ ಪರೋಕ್ಷ ಪ್ರಶ್ನೆಯ ಪಾಠ ಲ್ಯಾಟಿನ್ ತರಗತಿಯ ಅಭ್ಯಾಸವಾಗಿ ಹುಟ್ಟಿ, ನೆಸ್‌ಫೀಲ್ಡ್ ಮತ್ತು ರೆನ್ ಅವರ ಪುಸ್ತಕಗಳಲ್ಲಿ ಗಟ್ಟಿಯಾಯಿತು. ಬೀದರ್ ಸೀಮೆಯಲ್ಲಿ ಅದಕ್ಕೆ ಮೊದಲು ಉರ್ದುವಿನ 'ಕಿ'ಯ ಉಡುಗೆಯೂ 1956ರ ನಂತರ ಕನ್ನಡದ 'ಎಂದು'ವಿನ ಉಡುಗೆಯೂ ದೊರೆತವು. ಎರಡೂ ಅದಕ್ಕೆ ಸರಿಹೊಂದುವಂಥವಲ್ಲ. ಸರಿಹೊಂದುವ 'ಓ' ಪ್ರತ್ಯಯವು ಮನೆಯ ಮಾತಿನಲ್ಲಿ ಎಂದಿನಿಂದಲೂ ಇತ್ತು. ಪಾಠದ ಶೀರ್ಷಿಕೆಯಲ್ಲಿ 'ಮಾತು' ಎಂಬ ಪದವಿದ್ದುದರಿಂದ ಯಾರೂ ಅದನ್ನು ಪಾಠಕ್ಕೆ ಕರೆಯಲಿಲ್ಲ.

1956ರಲ್ಲಿ ಮೂರು ರಾಜ್ಯಗಳಿಗೆ ಹಂಚಿಹೋದ ಹಳೆಯ ಜಿಲ್ಲೆಯ ಭಾಷೆಗಳು ಪ್ರಶ್ನೆಯನ್ನು ನಡೆಸಿಕೊಳ್ಳುವ ರೀತಿಯಲ್ಲಿ ಇಂದಿಗೂ ಒಂದೇ ಸೀಮೆಯವು. ಉದಗೀರ್, ನಾರಾಯಣಖೇಡ, ಭಾಲ್ಕಿಗಳ ತರಗತಿಗಳಲ್ಲಿ ಒಂದೇ ನಿಯಮದ ಎದುರು ಉಂಟಾಗುವ ತೊಡಕುಗಳನ್ನು ಜೊತೆಯಾಗಿ ಅಧ್ಯಯನ ಮಾಡುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ. ಅಲ್ಲಿಯವರೆಗೆ ಕನಿಷ್ಠ ಇಷ್ಟಾದರೂ ಸಾಧ್ಯ: ಔರಾದಿನ ವಿದ್ಯಾರ್ಥಿನಿಯೊಬ್ಬಳು 'ಆಸ್ಕ್ಡ್ ದ್ಯಾಟ್ ವೇರ್' ಎಂದು ಬರೆದಾಗ, ಅದರ ಮೇಲೆ ಕೆಂಪು ಗೆರೆ ಎಳೆಯುವ ಮೊದಲು, ಮನೆಯಲ್ಲಿ 'ಅಪ್ಪ ಬಂದಾನೋ ಇಲ್ಲೋ ನೋಡ್ಕೊಂಡು ಬಾ' ಎಂದು ಹೇಗೆ ಹೇಳುತ್ತೀ ಎಂದು ಅವಳನ್ನು ಕೇಳಬಹುದು.